ಪಿಂಚಣಿಯಲ್ಲೂ ಪಂಕ್ತಿಭೇದ

ನವೆಂಬರ್ ಬಂತೆಂದರೆ ನಿವೃತ್ತರು ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ರುಜುವಾತುಪಡಿಸಬೇಕು. ಅಂಥದೊಂದು ನವೆಂಬರಿನ ಬೆಳಿಗ್ಗೆ ಜೀವಿತ ಪ್ರಮಾಣಪತ್ರ ಸಲ್ಲಿಸಲು ದಾವಣಗೆರೆಯ ಸೇವಾ ಕೇಂದ್ರವೊಂದರಲ್ಲಿ ಸರದಿ ಕಾಯುತ್ತಿದ್ದೆ. ನನ್ನ ಮುಂದೆ ಆವರಗೆರೆಯ ಹಿರಿಯರೊಬ್ಬರು ನಿಂತಿದ್ದರು. ಬೆರಳಚ್ಚು ಯಂತ್ರದ ಮೇಲೆ ಅವರು ಒಂದೊಂದೇ ಬೆರಳನ್ನಿಟ್ಟು ನೋಡಿದರು. ಹತ್ತರಲ್ಲಿ ಒಂದನ್ನೂ ಯಂತ್ರ ಒಪ್ಪಲಿಲ್ಲ. ಅವರು ಬೇಸರಪಟ್ಟುಕೊಳ್ಳದೆ ನನ್ನತ್ತ ತಿರುಗಿ, ‘ನೂಲು ಹಿಡಿದು ಹಿಡಿದು ಬೆರಳಿನ ಗೆರೆಯೆಲ್ಲಾ ಸವೆದು ಹೋಗ್ಯಾವ್ರೀ ಸಾಹೇಬ್ರೆ’ ಎಂದರು.

ಹತ್ತಿ ಗಿರಣಿಯೊಂದರ ನೂಲುವ ವಿಭಾಗದಲ್ಲಿ ಅವರು ಇಪ್ಪತ್ನಾಲ್ಕು ವರ್ಷ ದುಡಿದವರು. ಗಿರಣಿ ಮುಚ್ಚಿದ ಮೇಲೆ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ಮಕ್ಕಳನ್ನು ದಡ ಸೇರಿಸಿದರು. ಐವತ್ತೆಂಟು ತುಂಬಿದಾಗ ಭವಿಷ್ಯ ನಿಧಿ ಕಚೇರಿಯಿಂದ ಬರತೊಡಗಿದ ಪಿಂಚಣಿ ತಿಂಗಳಿಗೆ ನಾನೂರು ರೂಪಾಯಿಯ ಆಸುಪಾಸಿನಲ್ಲಿತ್ತು. ಈಗ ಅದು ಸಾವಿರ. ‘ರಕ್ತದೊತ್ತಡದ ಮಾತ್ರೆಗೆ ಸರಿಹೋಗ್ತದೆ, ಊಟಕ್ಕೆ ಮಗ ಐದಾನೆ’ ಎಂದು ಅವರು ಹೇಳಿದಾಗ ದನಿಯಲ್ಲಿ ದೂರು ಇರಲಿಲ್ಲ. ಆ ಸಾಲಿನಲ್ಲಿ ಅವರ ಹಿಂದೆ ನಿಂತಿದ್ದ ನನಗೆ ಮಾತ್ರ ಮುಜುಗರವಾಯಿತು. ನನ್ನ ಪಿಂಚಣಿಗೆ ವರ್ಷಕ್ಕೆರಡು ಬಾರಿ, ನಾನು ಕೇಳದೆಯೇ, ತುಟ್ಟಿಭತ್ಯೆ ಸೇರುತ್ತದೆ. ಹೀಗಾಗಿ ಇಲ್ಲಿ ಬರೆಯುತ್ತಿರುವುದನ್ನು ಹಸಿದವನ ಅಸೂಯೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಉಂಡವನೊಬ್ಬ ಪಕ್ಕದ ಎಲೆಯನ್ನು ನೋಡಿ ಆಡುತ್ತಿರುವ ಮಾತಿದು.

ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಇಲ್ಲಿನ ಹತ್ತಿ ಗಿರಣಿಗಳ ಸೈರನ್ನಿಗೆ ಇಡೀ ಊರು ಏಳುತ್ತಿತ್ತು, ಮಲಗುತ್ತಿತ್ತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಾದ್ಯಂತ ಹೆಸರಾಗಿದ್ದವು. ಗಿರಣಿಗಳು ಒಂದೊಂದಾಗಿ ನಿಂತವು. ಕಿರ್ಲೋಸ್ಕರ್ ಕೂಡ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಅಂದು ದುಡಿದವರ ತಲೆಮಾರು ಇಂದು ಎಪ್ಪತ್ತು ದಾಟಿದೆ. ಆವರಗೆರೆಯ ಕೇರಿಗಳಲ್ಲಿ, ಹರಿಹರದ ಬಡಾವಣೆಗಳಲ್ಲಿ ಸಂಜೆ ಕಟ್ಟೆಯ ಮೇಲೆ ಕುಳಿತವರನ್ನು ಮಾತಾಡಿಸಿದರೆ ಮೇಲಿನ ಕಥೆಯನ್ನೇ ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಹಲವರು ಹೇಳಿಯಾರು.

ಇದೇ ರಾಜ್ಯದಲ್ಲಿ ಇನ್ನೊಂದು ಬಗೆಯ ನಿವೃತ್ತಿಯೂ ಇದೆ. 2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಆರೋಪ ಹಾಗೂ ಗುತ್ತಿಗೆ ಮೀಸಲಾತಿಯ ವಿಚಾರವಾಗಿ ಭಾರಿ ಗದ್ದಲ ನಡೆದಿತ್ತು. ಅಂದೇ ವಿರೋಧ ಪಕ್ಷದ 18 ಸದಸ್ಯರು ಅಮಾನತಾದರು. ಆ ಕೋಲಾಹಲದ ನಡುವೆ, ಚರ್ಚೆಯಿಲ್ಲದೆ, ಸಚಿವರ ಮತ್ತು ಶಾಸಕರ ವೇತನ ಹೆಚ್ಚಳದ ಮಸೂದೆಗಳು ಅಂಗೀಕಾರಗೊಂಡವು. ಶಾಸಕರ ಮಾಸಿಕ ವೇತನವನ್ನು 40,000 ರೂಪಾಯಿಗಳಿಂದ 80,000ಕ್ಕೆ, ಮಾಜಿ ಶಾಸಕರ ಪಿಂಚಣಿಯನ್ನು 50,000ದಿಂದ 75,000ಕ್ಕೆ, ಹೆಚ್ಚುವರಿ ಪಿಂಚಣಿಯನ್ನು 5,000ದಿಂದ 20,000ಕ್ಕೆ ಏರಿಸುವ ಪ್ರಸ್ತಾವ ಅವುಗಳಲ್ಲಿತ್ತು. ಮೂರು ದಿನಗಳ ಬಳಿಕ, ಮಾರ್ಚ್ 24ರಂದು, ಕೇಂದ್ರ ಸರ್ಕಾರದ ಅಧಿಸೂಚನೆಯೂ ಹೊರಬಿತ್ತು. ಸಂಸದರ ವೇತನ 1,24,000 ರೂಪಾಯಿಗೂ, ಮಾಜಿ ಸಂಸದರ ಪಿಂಚಣಿ 25,000ದಿಂದ 31,000ಕ್ಕೂ ಏರಿತು. ಐದು ವರ್ಷ ಮೀರಿದ ಪ್ರತಿ ವರ್ಷದ ಸೇವೆಗೆ 2,500 ರೂಪಾಯಿ ಹೆಚ್ಚುವರಿ. ಇದೆಲ್ಲವೂ ಎರಡು ವರ್ಷ ಹಿಂದಿನಿಂದ, ಅಂದರೆ 2023ರ ಏಪ್ರಿಲ್ 1ರಿಂದ ಪೂರ್ವಾನ್ವಯ.

ಪಕ್ಷವೊಂದನ್ನು ದೂರುವ ಉದ್ದೇಶ ನನಗಿಲ್ಲ. 2022ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಇನ್ನೊಂದು ಪಕ್ಷದ ಸರ್ಕಾರವಿತ್ತು. ರಾಷ್ಟ್ರಧ್ವಜದ ಬಗ್ಗೆ ಸಚಿವರೊಬ್ಬರ ಹೇಳಿಕೆಯನ್ನು ಖಂಡಿಸಿ ಆಗಿನ ವಿರೋಧ ಪಕ್ಷ ಸದನದಲ್ಲಿ ಧರಣಿ ಹೂಡಿತ್ತು. ಅಂದು ಕೂಡ ಶಾಸಕರ ವೇತನವನ್ನು 25,000ದಿಂದ 40,000ಕ್ಕೆ ಏರಿಸುವ ಮಸೂದೆ ಗದ್ದಲದ ನಡುವೆ, ಚರ್ಚೆಯಿಲ್ಲದೆ ದಾಟಿಹೋಯಿತು. ಮೂರು ವರ್ಷದ ಅಂತರದಲ್ಲಿ ಪಾತ್ರಗಳು ಅದಲುಬದಲಾದರೂ ದೃಶ್ಯ ಬದಲಾಗಲಿಲ್ಲ. ಬೇರೆಲ್ಲ ವಿಷಯಗಳಲ್ಲಿ ಕೂಗಾಡುವ ಎರಡು ಬಣಗಳೂ ಈ ಒಂದು ವಿಷಯದಲ್ಲಿ ಮಾತ್ರ ಪರಸ್ಪರರ ಮೌನವನ್ನು ನಂಬಬಲ್ಲವು.

ಈಗ ಸ್ವಲ್ಪ ಲೆಕ್ಕ ಹಾಕೋಣ. ಸಂಘಟಿತ ವಲಯದ ಕಾರ್ಮಿಕನ ಪಿಂಚಣಿಯನ್ನು ನಿರ್ಧರಿಸುವುದು 1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ. ಉದ್ಯೋಗದಾತ ಕಟ್ಟುವ ಭವಿಷ್ಯ ನಿಧಿ ವಂತಿಗೆಯಲ್ಲಿ ವೇತನದ ಶೇ 8.33ರಷ್ಟು ಈ ನಿಧಿಗೆ ಹೋಗುತ್ತದೆ. ಕೇಂದ್ರ ಸರ್ಕಾರ ಶೇ 1.16ರಷ್ಟು ಸೇರಿಸುತ್ತದೆ. ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವುದೇ ಮಾಸಿಕ ಪಿಂಚಣಿ. ಆದರೆ ಆ ವೇತನಕ್ಕೆ ಮಿತಿಯಿದೆ. 2014ರ ಸೆಪ್ಟೆಂಬರಿನಲ್ಲಿ ಅದನ್ನು 6,500ರಿಂದ 15,000 ರೂಪಾಯಿಗೆ ಏರಿಸಲಾಯಿತು. ಅದೇ ತಿದ್ದುಪಡಿಯಲ್ಲಿ, ಕೊನೆಯ 12 ತಿಂಗಳ ಸರಾಸರಿ ವೇತನದ ಬದಲು ಕೊನೆಯ 60 ತಿಂಗಳ ಸರಾಸರಿಯನ್ನು ಪರಿಗಣಿಸಬೇಕೆಂದೂ ಸೇರಿಸಲಾಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತಾಯಿತು.

15,000 ರೂಪಾಯಿಯ ಮಿತಿಯನ್ನು ಮುಟ್ಟಿದ ಕಾರ್ಮಿಕನೊಬ್ಬ 35 ವರ್ಷ ದುಡಿದನೆಂದುಕೊಳ್ಳಿ. ಸೂತ್ರದ ಪ್ರಕಾರ ಅವನ ಪಿಂಚಣಿ 7,500 ರೂಪಾಯಿ. ದೀರ್ಘ ಸೇವೆಗೆ ಸಿಗುವ ಎರಡು ವರ್ಷದ ಬೋನಸ್ ಸೇರಿಸಿದರೂ ಎಂಟು ಸಾವಿರ ಮುಟ್ಟುವುದಿಲ್ಲ. ಅಂದರೆ ಒಂದು ವರ್ಷದ ದುಡಿಮೆ ಅವನ ಮಾಸಿಕ ಪಿಂಚಣಿಗೆ ಸೇರಿಸುವುದು ಸುಮಾರು 214 ರೂಪಾಯಿ. ಒಂದು ಅವಧಿ, ಅಂದರೆ ಐದು ವರ್ಷ, ಶಾಸಕರಾಗಿದ್ದವರಿಗೆ 2025ರ ಮಸೂದೆಯ ಪ್ರಕಾರ 75,000. ಅಲ್ಲಿ ಒಂದು ವರ್ಷದ ಸೇವೆಯ ಬೆಲೆ 15,000 ರೂಪಾಯಿ. ಭಾಗಿಸಿ ನೋಡಿದರೆ ಸರಿಯಾಗಿ ಎಪ್ಪತ್ತು ಪಟ್ಟು. ಸಂಸದರ ವಿಷಯದಲ್ಲಿ ಇದೇ ಅನುಪಾತ ಇಪ್ಪತ್ತೊಂಬತ್ತು ಪಟ್ಟಿನಷ್ಟಾಗುತ್ತದೆ.

ಇನ್ನೊಂದು ರೀತಿಯಲ್ಲಿಯೂ ನೋಡಬಹುದು. ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿರುವ ನನ್ನಂಥ ಸರ್ಕಾರಿ ನೌಕರನಿಗೆ ಪೂರ್ಣ ಸೇವೆಯ ಬಳಿಕ ದೊರೆಯುವುದು ಕೊನೆಯ ಮೂಲವೇತನದ ಅರ್ಧದಷ್ಟು. ಸಂಸದರ ಕನಿಷ್ಠ ಪಿಂಚಣಿ ಅವರ ವೇತನದ ಕಾಲು ಭಾಗ. ಕರ್ನಾಟಕದ ಶಾಸಕರಿಗಾದರೋ 80,000ಕ್ಕೆ 75,000, ಅಂದರೆ ಶೇ 94ರಷ್ಟು! ಅದಕ್ಕೂ ಹಿಂದೆ ವೇತನ 40,000 ಇದ್ದು ಪಿಂಚಣಿ 50,000 ಇತ್ತು. ದುಡಿಯುವಾಗಿನ ಸಂಬಳಕ್ಕಿಂತ ದುಡಿಮೆ ನಿಂತ ಮೇಲಿನ ಪಿಂಚಣಿಯೇ ಹೆಚ್ಚಾಗಿರುವ ಬೇರೊಂದು ಹುದ್ದೆಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಹಾಲಿ ಶಾಸಕರಿಗೆ ವೇತನಕ್ಕಿಂತ ಭತ್ಯೆಗಳೇ ಹೆಚ್ಚು, ಆದ್ದರಿಂದ ಈ ಹೋಲಿಕೆ ಪೂರ್ತಿ ನ್ಯಾಯವಲ್ಲ ಎಂದು ಅವರು ಹೇಳಬಹುದು. ಒಪ್ಪೋಣ. ಆದರೆ ಆ ಭತ್ಯೆಗಳಿರುವುದು ಕ್ಷೇತ್ರ ಸುತ್ತಲು, ಕಚೇರಿ ನಡೆಸಲು. ಕ್ಷೇತ್ರವೇ ಇಲ್ಲದ ಮೇಲೆ ಅವುಗಳನ್ನು ಪಿಂಚಣಿಯ ಲೆಕ್ಕಕ್ಕೆ ತರುವುದು ಹೇಗೆ?

ಮೂರು ವ್ಯತ್ಯಾಸಗಳು ಮೊತ್ತಕ್ಕಿಂತ ಮುಖ್ಯವಾದವು. ಮೊದಲನೆಯದು ವಂತಿಗೆ. ಕಾರ್ಮಿಕನ ಪಿಂಚಣಿ ಅವನ ದುಡಿಮೆಯ ಹೆಸರಿನಲ್ಲಿ ತಿಂಗಳು ತಿಂಗಳೂ ಕಟ್ಟಿದ ಹಣದಿಂದ ಬರುತ್ತದೆ. ಶಾಸಕರ ಪಿಂಚಣಿ ನೇರವಾಗಿ ಬೊಕ್ಕಸದಿಂದ. ಎರಡನೆಯದು ವಯಸ್ಸು. ಕಾರ್ಮಿಕ ಪೂರ್ಣ ಪಿಂಚಣಿಗೆ 58ರವರೆಗೆ ಕಾಯಬೇಕು, ಕನಿಷ್ಠ ಹತ್ತು ವರ್ಷದ ಸೇವೆ ತೋರಿಸಬೇಕು. ಚುನಾವಣೆಯಲ್ಲಿ ಸೋತ ನಲವತ್ತರ ಹರೆಯದ ಶಾಸಕ ಕಾಯಬೇಕಾಗಿಲ್ಲ. ಸಂಸದರ ಕಾನೂನಂತೂ ‘ಯಾವುದೇ ಅವಧಿಗೆ’ ಸದಸ್ಯರಾಗಿದ್ದರೂ ಸಾಕು ಎನ್ನುತ್ತದೆ. ಮೂರನೆಯದು ಬೆಲೆಯೇರಿಕೆ. ಸಂಸದರ ವೇತನ, ಪಿಂಚಣಿಗಳು ಐದು ವರ್ಷಕ್ಕೊಮ್ಮೆ ಹಣದುಬ್ಬರದ ಸೂಚ್ಯಂಕಕ್ಕೆ ಅನುಗುಣವಾಗಿ ತಾವಾಗಿಯೇ ಏರುವಂತೆ 2018ರ ಹಣಕಾಸು ಕಾಯ್ದೆಯಲ್ಲಿ ಏರ್ಪಾಡು ಮಾಡಲಾಯಿತು. ಕಾರ್ಮಿಕನ ಪಿಂಚಣಿಗೆ ತುಟ್ಟಿಭತ್ಯೆ ಎಂಬುದೇ ಇಲ್ಲ. 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಸಾವಿರ ರೂಪಾಯಿಯ ಕನಿಷ್ಠ ಪಿಂಚಣಿ, ಸಂಸದರ ಪಿಂಚಣಿ ಏರಿದ 2025ರ ಮಾರ್ಚಿನಲ್ಲಿಯೂ ಸಾವಿರವೇ ಆಗಿತ್ತು. ಈ ನಡುವೆ ಬೆಲೆಗಳು ಒಂದೂವರೆ ಪಟ್ಟಿಗೂ ಹೆಚ್ಚಾಗಿವೆ. ಹಾಗಾಗಿ ಆವರಗೆರೆಯ ಆ ಹಿರಿಯರ ಸಾವಿರ ರೂಪಾಯಿಗೆ ಹನ್ನೊಂದು ವರ್ಷದ ಹಿಂದಿನ ಲೆಕ್ಕದಲ್ಲಿ ಆರು ನೂರರಷ್ಟೇ ಕಿಮ್ಮತ್ತು.

ಇದನ್ನು ಯಾರೂ ಗಮನಿಸಿರಲಿಲ್ಲವೆಂದಲ್ಲ. ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ 2013ರಲ್ಲಿಯೇ ಕನಿಷ್ಠ ಪಿಂಚಣಿಯನ್ನು 3,000 ರೂಪಾಯಿಗೆ ಏರಿಸಬೇಕೆಂದು ಶಿಫಾರಸು ಮಾಡಿತ್ತು. ಅಂದರೆ ಸಂಸದರೇ ಹೇಳಿದ ಮಾತು. ಪಿಂಚಣಿದಾರರ ಸಂಘಟನೆಗಳು 7,500 ರೂಪಾಯಿ ಮತ್ತು ತುಟ್ಟಿಭತ್ಯೆಗಾಗಿ ವರ್ಷಗಳಿಂದ ಧರಣಿ ಕೂರುತ್ತ ಬಂದಿವೆ.

ಇಷ್ಟಾದರೂ ಇವರು ಪುಣ್ಯವಂತರು ಎನ್ನುವಂಥ ಸ್ಥಿತಿ ಇನ್ನೂ ಕೆಳಗಿದೆ. ಭವಿಷ್ಯ ನಿಧಿಯ ಕಾನೂನು ಸಾಮಾನ್ಯವಾಗಿ ಅನ್ವಯವಾಗುವುದು 20 ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಸಂಸ್ಥೆಗಳಿಗೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ನಿಂತು ಬೇಯುವವರು, ಕೃಷಿ ಮಾರುಕಟ್ಟೆಯ ಹಮಾಲರು, ಮನೆಗೆಲಸದ ಹೆಂಗಸರು ಇವರಲ್ಲಿ ಬಹುತೇಕರು ಅದರ ಪರಿಧಿಯ ಹೊರಗೆ. ಬೀಡಿ ಕಟ್ಟುವ ಮಹಿಳೆಯರು ಕಾನೂನಿನ ಒಳಗಿದ್ದರೂ, ತುಂಡುಗೆಲಸದ ಲೆಕ್ಕದಲ್ಲಿ ಅವರ ಸೇವೆಯ ವರ್ಷಗಳನ್ನು ಹೊಂದಿಸುವುದೇ ಒಂದು ಸಾಹಸ. ಇವರಿಗೆಲ್ಲ ಕೊನೆಗೆ ಉಳಿಯುವುದು ಸರ್ಕಾರದ ವೃದ್ಧಾಪ್ಯ ವೇತನ. ಬಡ ವೃದ್ಧರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ. ಸುಮಾರು ಎರಡು ದಶಕಗಳಿಂದ ಅದು ಅಲ್ಲಿಯೇ ನಿಂತಿದೆ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ ಕೊಡುತ್ತಿದ್ದ ಮೊತ್ತವನ್ನು 2021ರಲ್ಲಿ ಸಾವಿರದಿಂದ 1,200ಕ್ಕೆ ಏರಿಸಲಾಯಿತು.

ಇಲ್ಲಿ ಒಂದು ವಿಪರ್ಯಾಸವನ್ನು, ಒಂದು ತಪ್ಪೊಪ್ಪಿಗೆಯನ್ನೂ ದಾಖಲಿಸಬೇಕು. ಬೇರಾವುದಾದರೂ ಪಿಂಚಣಿ ಪಡೆಯುತ್ತಿರುವವರು ಸಂಧ್ಯಾ ಸುರಕ್ಷಾಕ್ಕೆ ಅರ್ಹರಲ್ಲ. ಬೊಕ್ಕಸದ ಹಣ ಒಬ್ಬರಿಗೇ ಎರಡು ಸಲ ಹೋಗಬಾರದೆಂಬ ಸದುದ್ದೇಶದ ನಿಯಮವಿದು. ಅದರ ಪರಿಣಾಮ ನೋಡಿ: ಇಪ್ಪತ್ತು ವರ್ಷ ವಂತಿಗೆ ಸಂದ ಗಿರಣಿ ಕಾರ್ಮಿಕನಿಗೆ ಸಾವಿರ, ಆ ಸಾವಿರ ಬರುತ್ತಿರುವ ಕಾರಣಕ್ಕೇ 1,200ರ ಬಾಗಿಲು ಬಂದ್. ಕಂದಾಯ ಇಲಾಖೆಯಲ್ಲಿದ್ದಾಗ ಈ ನಿಯಮದ ಅನ್ವಯ ಅರ್ಜಿಗಳನ್ನು ತಿರಸ್ಕರಿಸಿದ ಆದೇಶಗಳಿಗೆ ನಾನೂ ಸಹಿ ಹಾಕಿದ್ದೇನೆ. ನಿಯಮ ಸರಿಯಾಗಿಯೇ ಪಾಲನೆಯಾಗಿತ್ತು. ಆದರೆ ಅರ್ಜಿದಾರರ ಬೆರಳುಗಳನ್ನು ನೋಡುವ ಕಾಲಂ ಆ ನಮೂನೆಯಲ್ಲಿರಲಿಲ್ಲ.

ಹಾಗಾದರೆ ಜನಪ್ರತಿನಿಧಿಗಳಿಗೆ ಪಿಂಚಣಿಯೇ ಬೇಡವೆ? ಹಾಗೆನ್ನುವುದು ಸುಲಭ, ಸರಿಯಲ್ಲ. ಎಂಬತ್ತರ ದಶಕದಲ್ಲಿ ಈ ದಾವಣಗೆರೆಯಿಂದಲೇ ಗಿರಣಿ ಕಾರ್ಮಿಕರ ನಾಯಕ ಕಾಮ್ರೇಡ್ ಪಂಪಾಪತಿಯವರು ಭಾರತ ಕಮ್ಯುನಿಸ್ಟ್ ಪಕ್ಷದ ಅಭ್ಯರ್ಥಿಯಾಗಿ ವಿಧಾನಸಭೆಗೆ ಆಯ್ಕೆಯಾಗಿದ್ದರು. ಅಂಥವರು ಸದನಕ್ಕೆ ಹೋಗಬೇಕಾದರೆ, ಹೋಗಿ ಕೈ ಶುದ್ಧವಾಗಿಟ್ಟುಕೊಂಡು ಹಿಂದಿರುಗಬೇಕಾದರೆ, ಮುಪ್ಪಿಗೊಂದು ಆಸರೆ ಬೇಕು. ಪಿಂಚಣಿಯೇ ಇಲ್ಲವೆಂದರೆ ರಾಜಕೀಯ ಉಳ್ಳವರ ಸ್ವತ್ತಾಗುತ್ತದೆ. ಈಗಾಗಲೇ ಬಹುಮಟ್ಟಿಗೆ ಆಗಿದೆ ಎಂಬುದು ಬೇರೆ ಮಾತು. ಕಾನೂನಿನ ದೃಷ್ಟಿಯಿಂದಲೂ ತಕರಾರಿಗೆ ಆಸ್ಪದ ಕಡಿಮೆ. ಸಂವಿಧಾನದ 106 ಮತ್ತು 195ನೇ ವಿಧಿಗಳಲ್ಲಿ ಇರುವುದು ‘ವೇತನ ಮತ್ತು ಭತ್ಯೆ’ಗಳ ಪ್ರಸ್ತಾಪ ಮಾತ್ರ. ಸಂಸದರಿಗೆ ಪಿಂಚಣಿ ಬಂದದ್ದು ತುರ್ತು ಪರಿಸ್ಥಿತಿಯ ಕಾಲದ 1976ರಲ್ಲಿ. ಲೋಕ ಪ್ರಹರಿ ಸಂಸ್ಥೆ ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ಆ ಅರ್ಜಿಯನ್ನು ವಜಾಗೊಳಿಸಿತು. ಕಾನೂನುಬದ್ಧವಾದದ್ದು ತಾನಾಗಿಯೇ ನ್ಯಾಯವಾಗಿಬಿಡುವುದಿಲ್ಲ, ಅಷ್ಟೆ.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ರಾಜಕಾರಣಿಗಳ ಪಿಂಚಣಿ ನಿಲ್ಲಿಸಿದರೆ ಬಡವರ ಪಿಂಚಣಿಗೆ ಹಣ ಸಿಗುತ್ತದೆ ಎಂದು ಚಹಾದ ಅಂಗಡಿಯಲ್ಲಿ ಆಡಿಕೊಳ್ಳುತ್ತೇವೆ. ಲೆಕ್ಕ ಹಾಗೆ ಹೇಳುವುದಿಲ್ಲ. ಊಹೆಗಾಗಿ ಸಾವಿರ ಮಾಜಿ ಶಾಸಕರಿದ್ದಾರೆಂದು ಹಿಡಿದರೂ ತಲಾ 75,000ದಂತೆ ವರ್ಷಕ್ಕೆ ಆಗುವುದು 90 ಕೋಟಿ. ನೌಕರರ ಪಿಂಚಣಿ ಯೋಜನೆಯ ಫಲಾನುಭವಿಗಳು ದೇಶದಲ್ಲಿ ಸುಮಾರು 78 ಲಕ್ಷ. ಅವರಿಗೆ ತಿಂಗಳಿಗೆ ತಲಾ ಒಂದು ಸಾವಿರ ಹೆಚ್ಚು ಕೊಡಲು ವರ್ಷಕ್ಕೆ ಒಂಬತ್ತು ಸಾವಿರ ಕೋಟಿಗೂ ಮೀರಿ ಬೇಕು. ಆದ್ದರಿಂದ ಇದು ಹಣ ಹೊಂದಿಸುವ ಪ್ರಶ್ನೆಯಲ್ಲ. ‘ಇಷ್ಟು ಚಿಕ್ಕ ಮೊತ್ತಕ್ಕೆ ಯಾಕಿಷ್ಟು ಗದ್ದಲ?’ ಎಂದು ಕೇಳುವ ಶಾಸಕ ಮಿತ್ರರು ಇಲ್ಲಿಯವರೆಗೆ ಸರಿ.

ಅವರು ತಪ್ಪುವುದು ಅದರ ನಂತರ. 1982ರ ನಾಕರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ತತ್ವವನ್ನು ಸ್ಪಷ್ಟಪಡಿಸಿತು: ಪಿಂಚಣಿ ಮಾಲೀಕನ ದಯೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು. ಆ ತತ್ವವನ್ನು ಶಾಸಕರು ತಮ್ಮ ವಿಷಯದಲ್ಲಿ ಪೂರ್ತಿಯಾಗಿ ನಂಬುತ್ತಾರೆ. ಬೆಲೆ ಏರಿದರೆ ಪಿಂಚಣಿ ಏರಬೇಕು, ಮುಪ್ಪಿನಲ್ಲಿ ವೈದ್ಯಕೀಯ ವೆಚ್ಚ ಹೆಚ್ಚುತ್ತದೆ, ದೀರ್ಘ ಸೇವೆಗೆ ಹೆಚ್ಚು ಕೊಡಬೇಕು ಎಂಬುದನ್ನೆಲ್ಲ ಅವರು ತಮಗೆ ಅನ್ವಯಿಸಿಕೊಂಡು ಬಲ್ಲರು. ಕಾರ್ಮಿಕನ ಸರದಿ ಬಂದಾಗ ಮಾತ್ರ ನಿಧಿಯ ಸ್ಥಿತಿಗತಿ, ವಿಮಾಗಣಿತ, ವಿತ್ತೀಯ ಶಿಸ್ತು ನೆನಪಾಗುತ್ತವೆ. ಆ ಆಕ್ಷೇಪಗಳು ಸುಳ್ಳಲ್ಲ. ನಿಧಿ ಬರಿದಾಗಬಾರದು, ನಿಜ. ಆದರೆ ಕಾನೂನು ಮಾಡುವವರು ಆ ಕಾನೂನಿನ ಕೆಳಗೆ ಬದುಕಬೇಕಾಗಿಲ್ಲದಿದ್ದರೆ ಅದರ ಬಿಸಿ ಅವರಿಗೆ ತಟ್ಟುವುದೆಂತು?

ಸರ್ಕಾರಿ ನೌಕರರಿಗೂ ಇದರ ಅನುಭವವಾಗಿದೆ. ಕೇಂದ್ರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಖಚಿತ ಪಿಂಚಣಿ ರದ್ದಾಗಿ, ವಂತಿಗೆ ಆಧಾರಿತ ಹೊಸ ಪಿಂಚಣಿ ವ್ಯವಸ್ಥೆ ಬಂತು. ಬೊಕ್ಕಸಕ್ಕೆ ಭಾರ ತಾಳಲಾಗುತ್ತಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ಮಾತಿನಲ್ಲಿ ಹುರುಳಿತ್ತು. ಆದರೆ ಆ ಹೊಸ ವ್ಯವಸ್ಥೆಗೆ ಶಾಸಕರು ಸೇರಲಿಲ್ಲ. ಪ್ರಕ್ರಿಯೆಯಲ್ಲಿಯೂ ಅದೇ ಭೇದ. ರಾಜ್ಯ ನೌಕರರ ವೇತನ ಪರಿಷ್ಕರಣೆಗೆ ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗ ತಿಂಗಳುಗಟ್ಟಲೆ ಅಹವಾಲು ಕೇಳಿ 2024ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಅದು ಜಾರಿಗೆ ಬಂದದ್ದು ಆಗಸ್ಟಿನಲ್ಲಿ. ಶಾಸಕರ ಪರಿಷ್ಕರಣೆಗೆ ಗದ್ದಲದ ಕೆಲವು ನಿಮಿಷಗಳು ಸಾಕಾದವು.

ದಾರಿಗಳಿಲ್ಲವೆಂದಲ್ಲ. ಬ್ರಿಟನ್ನಿನಲ್ಲಿ ಸಂಸದರು ತಮ್ಮ ಪಿಂಚಣಿಗೆ ಸಂಬಳದಿಂದ ವಂತಿಗೆ ಕಟ್ಟುತ್ತಾರೆ; 2009ರ ಕಾನೂನಿನಡಿ ರಚನೆಯಾದ ಸ್ವತಂತ್ರ ಪ್ರಾಧಿಕಾರವೊಂದು ಅವರ ವೇತನ, ಪಿಂಚಣಿಗಳನ್ನು ನಿರ್ಧರಿಸುತ್ತದೆ. ಆಸ್ಟ್ರೇಲಿಯಾ 2004ರಲ್ಲಿ ತನ್ನ ಸಂಸದರ ಉದಾರ ಪಿಂಚಣಿ ಯೋಜನೆಯನ್ನು ಹೊಸಬರಿಗೆ ಮುಚ್ಚಿ, ಸಾಮಾನ್ಯ ನೌಕರರಿಗಿರುವ ಮಾದರಿಯ ನಿವೃತ್ತಿ ನಿಧಿಗೆ ಅವರನ್ನು ಸೇರಿಸಿತು. ನಮ್ಮಲ್ಲಿಯೇ ಪಂಜಾಬ್ 2022ರಲ್ಲಿ ‘ಒಬ್ಬ ಶಾಸಕ, ಒಂದೇ ಪಿಂಚಣಿ’ ಎಂಬ ಕಾನೂನು ತಂದು, ಗೆದ್ದ ಅವಧಿಗಳ ಲೆಕ್ಕದಲ್ಲಿ ಪಿಂಚಣಿ ಬೆಳೆಯುವುದನ್ನು ನಿಲ್ಲಿಸಿತು. 

ಕರ್ನಾಟಕವೂ ಮಾಡಬಹುದಾದ ಕೆಲಸಗಳಿವೆ. ಶಾಸಕರ ವೇತನ ಮತ್ತು ಪಿಂಚಣಿಯನ್ನು ವೇತನ ಆಯೋಗದಂಥ ಸ್ವತಂತ್ರ ಸಮಿತಿಗೆ ಒಪ್ಪಿಸಿ, ಅದರ ವರದಿಯ ಮೇಲೆ ಸದನದಲ್ಲಿ ಚರ್ಚೆಯನ್ನು ಕಡ್ಡಾಯಗೊಳಿಸಲಿ. ಶಾಸಕರು ತಮ್ಮ ವೇತನದ ಶೇಕಡಾ ಹತ್ತನ್ನಾದರೂ ವಂತಿಗೆಯಾಗಿ ಕಟ್ಟಲಿ. ಪಿಂಚಣಿ ಅರವತ್ತರ ನಂತರ ಆರಂಭವಾಗಲಿ. ಸಂಧ್ಯಾ ಸುರಕ್ಷಾದ ನಿಯಮವನ್ನು ತಿದ್ದಿ, ಅಲ್ಪ ಪಿಂಚಣಿ ಪಡೆಯುವ ಕಾರ್ಮಿಕರಿಗೂ ಅದರ ಬಾಗಿಲು ತೆರೆಯಲಿ. ಇದು ಪೂರ್ತಿ ರಾಜ್ಯದ ಕೈಯಲ್ಲಿಯೇ ಇರುವ ಕೆಲಸ. ಕೇಂದ್ರದ ಮಟ್ಟದಲ್ಲಿ ನಮ್ಮ ಸಂಸದರು ಒಂದೇ ಒಂದು ತಿದ್ದುಪಡಿಗೆ ಒತ್ತಾಯಿಸಿದರೆ ಸಾಕು: ತಮ್ಮ ಪಿಂಚಣಿ ಯಾವ ಸೂಚ್ಯಂಕಕ್ಕೆ ಅನುಗುಣವಾಗಿ ಏರುತ್ತದೋ ಅದೇ ಸೂಚ್ಯಂಕಕ್ಕೆ, ಅದೇ ದಿನಾಂಕದಿಂದ, ಕಾರ್ಮಿಕರ ಕನಿಷ್ಠ ಪಿಂಚಣಿಯೂ ಏರಲಿ. ಆಗ ಮೊತ್ತದಲ್ಲಿ ಅಂತರ ಉಳಿದೀತು, ನಿಯಮದಲ್ಲಿ ಉಳಿಯದು.

ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಬಡಿಸುವುದನ್ನು ನಮ್ಮ ಹಿರಿಯರು ಪಂಕ್ತಿಭೇದವೆಂದು ಹಳಿದರು. ಬಡಿಸುವವನೇ ಪಂಕ್ತಿಯಲ್ಲಿ ಮೊದಲು ಕೂತು ತನ್ನೆಲೆಗೆ ತಾನೇ ಬಡಿಸಿಕೊಂಡರೆ ಅದಕ್ಕೆ ಏನು ಹೆಸರಿಡುತ್ತಿದ್ದರೋ ತಿಳಿಯದು.

ಅಂದು ಸೇವಾ ಕೇಂದ್ರದ ಹುಡುಗ ಆ ಹಿರಿಯರ ಬೆರಳು ಬಿಟ್ಟು, ಮೊಬೈಲಿನಲ್ಲಿ ಮುಖದ ಚಿತ್ರ ತೆಗೆದ. ಅದನ್ನು ಯಂತ್ರ ಒಪ್ಪಿಕೊಂಡಿತು. ಅವರು ಬದುಕಿದ್ದಾರೆಂಬುದು ಇನ್ನೊಂದು ವರ್ಷಕ್ಕೆ ಸರ್ಕಾರಿ ದಾಖಲೆಯಲ್ಲಿ ಸೇರಿತು. ಹೇಗೆ ಬದುಕಿದ್ದಾರೆ ಎಂಬುದನ್ನು ಕೇಳುವ ಜವಾಬ್ದಾರಿ ಮಾತ್ರ ಸದನದ್ದು.